ಪಕ್ಕೆ

ಗುರುವಾರ ಸಂಜೆ ಏಳಕ್ಕೆ, ಹಾಸನದ ಮಿಷನ್ ಆಸ್ಪತ್ರೆಯ ಹಿಂದಿನ ಓಣಿಯಲ್ಲಿ
ನಾವು ಮೂರೇ ಜನ ಓದುವವರು:
ನಾನು, ಆಲೂಗಡ್ಡೆ ಮಂಡಿಯಲ್ಲಿ ಚೀಟಿ ಬರೆಯುವವಳು;
ಸಭಾಪಾಲಕರ ತಮ್ಮ, ಅರ್ಧ ಪಾಠ ನಿದ್ದೆಯಲ್ಲೇ ಕೇಳುವವನು;
ಮತ್ತು ಪರಂಜ್ಯೋತಿ ಮಾಸ್ತರು.
ಮಾಸ್ತರೆಂದರೆ ಶಾಲೆಯವರಲ್ಲ,
ಮೂವತ್ತೆಂಟು ವರ್ಷ ಎಕ್ಸ್‌ರೇ ತೆಗೆದವರು.

ಫಿಲಂ ನೋಡುವ ಹಳೆಯ ಬೆಳಕಿನ ಪೆಟ್ಟಿಗೆಯನ್ನು
ನಿವೃತ್ತಿಯ ದಿನ ಕೇಳಿ ಪಡೆದು ಮನೆಗೆ ತಂದಿದ್ದಾರೆ.
ಅದರ ಮೇಲೆ ಹೀಬ್ರೂ ಹಾಳೆ ಹಾಸಿ ಹೇಳುತ್ತಾರೆ:
"ನೋಡು ಸುಗಂಧಿ, ಇದು ಬರೀ ಮೂಳೆ.
ತಲಕಟ್ಟಿಲ್ಲ, ಇಳಿಯಿಲ್ಲ, ಗುಡಿಸಿಲ್ಲ, ಕೊಂಬಿಲ್ಲ.
ಕೆಳಗಿನ ಚುಕ್ಕೆಗಳು ಆಮೇಲಿನವು,
ಮಕ್ಕಳಿಗಾಗಿ, ನಮ್ಮಂಥವರಿಗಾಗಿ.
ಮೊದಲು ಮೂಳೆಯಷ್ಟೇ ಇತ್ತು.
ಉಸಿರು ಓದುವವನದು."

ಬಲದಿಂದ ಎಡಕ್ಕೆ ನಡೆಯಲು ಕಣ್ಣಿಗೆ ಎರಡು ತಿಂಗಳು ಹಿಡಿಯಿತು.
ಕೈ ಇನ್ನೂ ಕಲಿತಿಲ್ಲ.
ಬರೆದ ಸಾಲನ್ನು ಅಂಗೈಯೇ ಒರೆಸಿಕೊಂಡು ಹೋಗುತ್ತದೆ;
ಮನೆಗೆ ಹೋಗಿ ನೋಡಿದರೆ
ಅರ್ಧ ಪಾಠ ಕಿರುಬೆರಳ ಬುಡದಲ್ಲಿ.

ನಾಲ್ಕು ಅಕ್ಷರದ ಆ ಹೆಸರು ಬಂದಾಗ ಮಾಸ್ತರು ನಿಲ್ಲುತ್ತಾರೆ.
ಯೆಹೂದ್ಯರು ಇದನ್ನು ಕಣ್ಣಲ್ಲಿ ಕಾಣುತ್ತಾರೆ,
ಬಾಯಲ್ಲಿ ಆಡುವುದಿಲ್ಲ, ಒಡೆಯ ಎಂದು ಓದಿ ಮುಂದೆ ಸಾಗುತ್ತಾರೆ.
ಯಾಕೆ? ಅಂದ ತಮ್ಮ, ನಿದ್ದೆಯಿಂದೆದ್ದು.
ನಾನು ಕೇಳಲಿಲ್ಲ.
ನಮ್ಮಜ್ಜಿ ರೇಷನ್ ಕಾರ್ಡಿನ ಗುಮಾಸ್ತನ ಮುಂದೆ
ಗಂಡನ ಹೆಸರಿಗೆ ಆಕಾಶ ತೋರಿಸಿದ್ದಳು.
"ಮೇಘಪ್ಪನಾ? ಸೂರ್ಯಪ್ಪನಾ?" ಅವನಿಗೆ ಸಾಕಾಯಿತು.
ಕ್ಯೂನಲ್ಲಿದ್ದ ಹುಡುಗನೊಬ್ಬ ಕೂಗಿದ: "ಚಂದ್ರಪ್ಪ, ಸಾರ್!"
ಅಜ್ಜಿ ಸೆರಗು ಕಚ್ಚಿಕೊಂಡು ಹೂಂ ಅಂದಳು.
ಐವತ್ತು ವರ್ಷ ಆ ಮನುಷ್ಯನನ್ನು ಯಜಮಾನ್ರು ಎಂದೇ ಕರೆದು
ಹೆಸರನ್ನು ಮಾತ್ರ, ಬಳಸದ ಬೆಳ್ಳಿ ಲೋಟದ ಹಾಗೆ,
ಒಳಗೆಲ್ಲೋ ಎತ್ತಿಟ್ಟಿದ್ದಳು.
ಅದು ಬರೀ ಭಯ ಅಂದರೆ ನಾನು ಒಪ್ಪುವುದಿಲ್ಲ.
ಬರೀ ಪ್ರೀತಿ ಅಂದರೂ.

ಹೋದ ವಾರ ಆದಾಮನ ನಿದ್ದೆಗೆ ಬಂದೆವು.
ನಮ್ಮ ಸತ್ಯವೇದದಲ್ಲಿ ಪಕ್ಕೆಲುಬು.
ಮಾಸ್ತರು ಕನ್ನಡಕ ತೆಗೆದರು.
"ತ್ಸೇಲಾ. ಇದೇ ಮಾತು ದೇವದರ್ಶನದ ಗುಡಾರದ ಬದಿಗೂ ಇದೆ.
ಗುಡಾರಕ್ಕೆ ಎಲ್ಲಿಯ ಎಲುಬು?
ಎಲುಬು ತೆಗೆದುಬಿಡು. ಪಕ್ಕೆ ಅಂತ ಓದು.
ಒಂದು ಮಗ್ಗುಲು. ಹೆಚ್ಚುಕಡಿಮೆ ಅರ್ಧ."
ಆಮೇಲೆ, ತುಸು ಬೇರೆ ದನಿಯಲ್ಲಿ:
"ಎಷ್ಟು ಸಾವಿರ ಎದೆ ನೋಡಿದ್ದೇನೆ.
ಗಂಡಸಿಗೂ ಹನ್ನೆರಡು ಜೊತೆ, ಹೆಂಗಸಿಗೂ ಹನ್ನೆರಡು ಜೊತೆ.
ಡ್ಯೂಟಿಯಲ್ಲಿ ಎಣಿಸಿದ್ದು
ಭಾನುವಾರ ಮರೆತೇಹೋಗುತ್ತಿತ್ತು."

ಒಳಗೆ ಈರುಳ್ಳಿ ಹೆಚ್ಚುವ ಸದ್ದು ನಿಂತಿತು.
"ಹಾಗಾದ್ರೆ ನಮ್ಮ ಮದುವೇಲಿ ಅಯ್ಯನವರು
ಒಂದು ಗಂಟೆ ಎಲುಬಿನ ಮೇಲೆ ಮಾತಾಡಿದ್ದು?"
ಪ್ರಫುಲ್ಲಮ್ಮನ ಪ್ರಶ್ನೆಗೆ ಮಾಸ್ತರಲ್ಲಿ ಉತ್ತರವಿರಲಿಲ್ಲ.
ಬೆಂಚಿನ ಮೇಲೆ ಸ್ವಲ್ಪ ಸರಿದು ಕೂತರು.
ಆಕೆ ಬರಲಿಲ್ಲ. ಒಗ್ಗರಣೆ ಸೀದೀತು ಅಂದರು.

ಇವತ್ತು ಮಂಡಿಯಲ್ಲಿ ಹದಿನಾಲ್ಕು ಲಾರಿ, ಒಂದೇ ತಕ್ಕಡಿ.
ಅವಸರದಲ್ಲಿ ಚೀಟಿಗೆ ಗುಣಿತ ಹಾಕದೆ ಬರೆದುಬಿಟ್ಟೆ:
ತ ಮ ಯ.
ಸಾಹುಕಾರರು ರೇಗಿದರು: "ತಮ್ಮಯ್ಯನೋ ತಿಮ್ಮಯ್ಯನೋ?
ಯಾರಮ್ಮ ಇವನು? ದುಡ್ಡು ಯಾರಿಗೆ ಕೊಡಲಿ?"
ಹಮಾಲಿ ಜಬ್ಬಾರಣ್ಣ, ಮದರಸಾದಲ್ಲಿ ಬಲದಿಂದ ಓದಿ ಬೆಳೆದವನು,
ಚೀಟಿಯ ಕಡೆ ನೋಡಲೂ ಇಲ್ಲ.
ಚೀಲದ ಬಾಯಿ ಬಿಚ್ಚಿ
ಗಡ್ಡೆಯೊಂದನ್ನು ತೆಗೆದು ಹೆಬ್ಬೆರಳಲ್ಲಿ ಉಜ್ಜಿದ.
ಕೆಂಪು.
"ತಿಮ್ಮಯ್ಯಂದು. ಅವನ ಹೊಲ ಬಿಟ್ರೆ ಈ ಮಣ್ಣು ಇನ್ನೆಲ್ಲಿದೆ?"

ನಾನು ಪೆನ್ನು ತೆಗೆದು
ತ ಮೇಲೊಂದು ಗುಡಿಸು ಕಟ್ಟಿದೆ.